ವಲೆನ್ಸಿಯಾಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನ್ ಅಂದರೆ ಬಾರ್ಸಿಲೋನಾ, ಮ್ಯಾಡ್ರಿಡ್. ವಲೆನ್ಸಿಯಾಕ್ಕೆ ಯಾಕೆ ಹೋಗಬೇಕು?

ಆ ಎರಡನ್ನೂ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಬಹಳಷ್ಟು ಜನ ವಲೆನ್ಸಿಯಾವನ್ನು ಬಾರ್ಸಿಲೋನಾದಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗುವ ಊರು ಮಾಡಿಬಿಟ್ಟಿದ್ದಾರೆ. ಅದು ನನಗೆ ಸಂಕಟದ ವಿಷಯ. ಇದು ಸ್ಪೇನಿನ ಮೂರನೇ ದೊಡ್ಡ ನಗರ, ಕ್ರಿ.ಪೂ. 138ರಲ್ಲಿ ರೋಮನ್ನರು ಕಟ್ಟಿದ ಊರು, ಮೆಡಿಟರೇನಿಯನ್ ದಂಡೆಯ ಬಿಸಿಲೂರು. ಇಲ್ಲಿನ ಬದುಕೆಲ್ಲ ನೀರಿನ ಸುತ್ತ ಬೆಳೆದದ್ದು. ಪಕ್ಕಕ್ಕೆ ತಿರುಗಿಸಿದ ಹೊಳೆ, ಅರಬರ ಕಾಲದಿಂದ ಬಂದ ಕಾಲುವೆಗಳು, ಆ ಕಾಲುವೆಗಳ ಜಗಳ ಬಗೆಹರಿಸುವ ರೈತರ ನ್ಯಾಯಾಲಯ, ಭತ್ತದ ಗದ್ದೆ, ದೊಡ್ಡ ಸಿಹಿನೀರ ಸರೋವರ, ಆಮೇಲೆ ಸಮುದ್ರ. ನೀರಿನ ಜಾಡು ಹಿಡಿದು ಸುತ್ತಿದರೆ ಊರು ಅರ್ಥವಾಗುತ್ತದೆ. ಬರೀ ಫೋಟೋ ಜಾಗಗಳನ್ನು ಮುಟ್ಟಿ ಬಂದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ.

ಎಷ್ಟು ದಿನ ಬೇಕು?

ಕನಿಷ್ಠ ಮೂರು ದಿನ. ಅದರಲ್ಲೊಂದು ಗುರುವಾರ ಆಗಿರಲಿ. ಯಾಕೆಂದು ಮುಂದೆ ಹೇಳಿದ್ದೇನೆ. ಒಂದು ದಿನ ಹಳೇ ಊರಿಗೆ, ಒಂದು ದಿನ ತುರಿಯಾ ಉದ್ಯಾನ ಮತ್ತು ಸಮುದ್ರಕ್ಕೆ, ಒಂದು ದಿನ ಅಲ್ಬುಫೇರಾ ಸರೋವರಕ್ಕೆ. ನಾಲ್ಕನೇ ದಿನ ಸಿಕ್ಕರೆ ಏನೂ ಯೋಜನೆ ಹಾಕಿಕೊಳ್ಳದೆ ಇಟ್ಟುಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಮತ್ತೆ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ 30 ಡಿಗ್ರಿ ದಾಟುವುದು ಮಾಮೂಲು. ಸಮುದ್ರದ ತೇವ ಬೇರೆ ಸೇರಿ ಮಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಅಂಟು ಸೆಖೆ ಆಗುತ್ತದೆ. ಚಳಿಗಾಲದಲ್ಲೂ ಬಿಸಿಲು ಇರುತ್ತದೆ, ಒಂದು ಜಾಕೆಟ್ ಇದ್ದರೆ ಆರಾಮಾಗಿ ಸುತ್ತಬಹುದು, ಆದರೆ ನೀರಿಗಿಳಿಯಲು ಆಗುವುದಿಲ್ಲ. ಮಾರ್ಚ್ ಪೂರ್ತಿ ಬೇರೆಯದೇ ಲೋಕ. ಅದನ್ನು ಫಾಲ್ಯಾಸ್ ಹಬ್ಬದ ಪ್ರಶ್ನೆಯಲ್ಲಿ ನೋಡಿ.

ವೀಸಾ, ವಿಮಾನ, ರೈಲು ಹೇಗೆ?

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡಮಾಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆ ರಜೆಗೆ ಹೋಗುವವರು ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡುವುದು ಪ್ರತಿ ವರ್ಷದ ಕಥೆ. ಆದ್ದರಿಂದ ಮೊದಲ ಕೆಲಸ ಅದೇ ಆಗಲಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಯುರೋಪಿನ ಯಾವುದಾದರೂ ದೊಡ್ಡ ನಿಲ್ದಾಣದಲ್ಲಿ ಬದಲಿಸಿಕೊಂಡು ಹೋಗಬೇಕು, ಇಲ್ಲವೇ ಮ್ಯಾಡ್ರಿಡ್‌ನಲ್ಲಿ ಇಳಿದು ರೈಲು ಹಿಡಿಯಬೇಕು. ವೇಗದ ರೈಲು ಎರಡು ಗಂಟೆಯೊಳಗೆ ವಲೆನ್ಸಿಯಾಕ್ಕೆ ತಲುಪಿಸುತ್ತದೆ, ಬಾರ್ಸಿಲೋನಾದಿಂದಾದರೆ ಸುಮಾರು ಮೂರು ಗಂಟೆ. ಟಿಕೆಟ್ ಮುಂಚೆ ತೆಗೆದಷ್ಟೂ ಅಗ್ಗ. ವಲೆನ್ಸಿಯಾ ವಿಮಾನ ನಿಲ್ದಾಣದಿಂದ ಊರೊಳಗೆ ಮೆಟ್ರೋ ಇದೆ, 3 ಮತ್ತು 5ನೇ ಮಾರ್ಗ. ಶಾತಿವಾ ಅಥವಾ ಕೊಲೊನ್ ನಿಲ್ದಾಣದಲ್ಲಿ ಇಳಿದರೆ ಹಳೇ ಊರು ಕಾಲ್ನಡಿಗೆಯ ದೂರ.

ಊರ ಮಧ್ಯೆ ಅಷ್ಟೊಂದು ಸೇತುವೆಗಳಿವೆ, ಕೆಳಗೆ ಹೊಳೆಯೇ ಇಲ್ಲವಲ್ಲ?

1957ರ ಅಕ್ಟೋಬರ್ 14ರಂದು ತುರಿಯಾ ನದಿ ಉಕ್ಕಿ ಊರನ್ನು ಮುಳುಗಿಸಿತು. 80ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಪೆಟ್ಟಿನ ನಂತರ ಸರ್ಕಾರ ಊರಿನ ದಕ್ಷಿಣಕ್ಕೆ ಹೊಸ ಪಾತ್ರ ತೋಡಿಸಿ ಇಡೀ ನದಿಯನ್ನೇ ಅತ್ತ ತಿರುಗಿಸಿತು. ಹಳೇ ಪಾತ್ರ ಖಾಲಿ ಬಿತ್ತು. ಅದರೊಳಗೆ ಹೆದ್ದಾರಿ ಹಾಕುವ ಯೋಜನೆ ಬಂದಾಗ ಜನ ಎದ್ದು ನಿಂತರು. ‘ಹೊಳೆಯ ಪಾತ್ರ ನಮ್ಮದು, ಅದು ಹಸಿರಾಗಿರಬೇಕು’ ಅನ್ನುವುದು ಅವರ ಘೋಷಣೆ. ಜನ ಗೆದ್ದರು. 1986ರಲ್ಲಿ ಅಲ್ಲೇ ತುರಿಯಾ ಉದ್ಯಾನ ತೆರೆಯಿತು. ಇವತ್ತು ಹತ್ತಿರಹತ್ತಿರ ಒಂಬತ್ತು ಕಿಲೋಮೀಟರ್ ಉದ್ದ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಒಂದು ಸಿಗ್ನಲ್ ದಾಟದೆ ಮರದ ನೆರಳಿನಲ್ಲಿ ನಡೆಯಬಹುದು, ಸೈಕಲ್ ತುಳಿಯಬಹುದು.

ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಮೊದಲು ಮಾಡಬೇಕಾದ ಕೆಲಸ ಇದು. ಬೆಳಿಗ್ಗೆ ಒಂದು ಸೈಕಲ್ ಬಾಡಿಗೆಗೆ ತೆಗೆದುಕೊಂಡು ಪಶ್ಚಿಮದ ತುದಿಯಿಂದ ಹೊರಡಿ. ತಲೆಯ ಮೇಲೆ ಕಲ್ಲಿನ ಹಳೇ ಸೇತುವೆಗಳು ಒಂದರ ಹಿಂದೊಂದು ಬರುತ್ತವೆ. ಕಮಾನುಗಳ ಕೆಳಗೆ ಮಕ್ಕಳು ಫುಟ್‌ಬಾಲ್ ಆಡುತ್ತಿರುತ್ತಾರೆ, ಮುದುಕರು ಬೆಂಚಿನ ಮೇಲೆ ಹರಟೆಗೆ ಕೂತಿರುತ್ತಾರೆ. ನೀರು ಹರಿಯುತ್ತಿದ್ದ ಎತ್ತರ ಎಷ್ಟಿತ್ತೆಂದು ಎರಡೂ ಕಡೆಯ ಕಲ್ಲುಗೋಡೆ ನೋಡಿದರೆ ತಿಳಿಯುತ್ತದೆ.

ಆ ಬಿಳೀ ಕಟ್ಟಡಗಳು, ಕಲೆ ಮತ್ತು ವಿಜ್ಞಾನಗಳ ನಗರಿ, ಟಿಕೆಟ್ ದುಡ್ಡಿಗೆ ಮೋಸವಿಲ್ಲವೇ?

ಹೊರಗಿನಿಂದ ನೋಡಲು ಟಿಕೆಟ್ಟೇ ಬೇಡ, ಮತ್ತು ಹೊರಗಿನ ನೋಟವೇ ಅದರ ಮುಖ್ಯ ಸೊಗಸು. ವಲೆನ್ಸಿಯಾದವರೇ ಆದ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವಾ ಬಹುಪಾಲು ವಿನ್ಯಾಸ ಮಾಡಿದ ಈ ಕಟ್ಟಡಗಳು ಅದೇ ಒಣಗಿದ ಹೊಳೆಯ ಪಾತ್ರದಲ್ಲಿ ನಿಂತಿವೆ. 1998ರಲ್ಲಿ ಕಣ್ಣಿನ ಆಕಾರದ ಹೆಮಿಸ್ಫೆರಿಕ್ ಮೊದಲು ತೆರೆಯಿತು, ಉಳಿದವು ಒಂದೊಂದಾಗಿ ಬಂದವು. ಸೂರ್ಯ ಮುಳುಗುವ ಹೊತ್ತಿಗೆ ಹೋಗಿ. ಸುತ್ತಲ ಕೊಳಗಳಲ್ಲಿ ಬಿಂಬ ನೋಡುತ್ತಾ ಒಂದು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಮಕ್ಕಳಿದ್ದರೆ ಓಷಿಯನೊಗ್ರಾಫಿಕ್ ಎಂಬ ಜಲಚರ ಸಂಗ್ರಹಾಲಯಕ್ಕೆ ದುಡ್ಡು ಕೊಡಬಹುದು, ಅರ್ಧ ದಿನ ಹಿಡಿಯುತ್ತದೆ. ವಿಜ್ಞಾನ ಸಂಗ್ರಹಾಲಯವನ್ನು ಸಮಯ ಕಡಿಮೆ ಇದ್ದರೆ ಬಿಡಿ.

ಗುರುವಾರವೇ ಯಾಕೆ?

ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಕ್ಯಾಥೆಡ್ರಲ್‌ನ ಅಪೊಸ್ತಲರ ಬಾಗಿಲ ಮುಂದೆ ‘ನೀರಿನ ನ್ಯಾಯಾಲಯ’ ಸೇರುತ್ತದೆ. ಸಾಧ್ಯವಾದರೆ ಅರ್ಧ ಗಂಟೆ ಮುಂಚೆ ಹೋಗಿ ನಿಲ್ಲಿ, ಜನ ಬೇಗ ತುಂಬುತ್ತಾರೆ. ಬಾಗಿಲ ಎದುರು ಕಬ್ಬಿಣದ ಬೇಲಿಯೊಳಗೆ ಮರದ ಕುರ್ಚಿಗಳನ್ನು ಅರ್ಧವೃತ್ತಕ್ಕೆ ಹಾಕಿರುತ್ತಾರೆ. ಗಂಟೆ ಬಾರಿಸುವ ಹೊತ್ತಿಗೆ ಕಪ್ಪು ನಿಲುವಂಗಿ ತೊಟ್ಟ ಎಂಟು ಜನ ಬಂದು ಕೂರುತ್ತಾರೆ. ಅವರು ವಕೀಲರಲ್ಲ, ಕಾನೂನು ಓದಿದವರಲ್ಲ. ಎಂಟು ಕಾಲುವೆಗಳ ನೀರು ಬಳಸುವ ರೈತರು ತಮ್ಮೊಳಗಿಂದ ಆರಿಸಿ ಕಳಿಸಿದವರು. ನ್ಯಾಯಾಲಯದ ಸೇವಕ ಎದ್ದು ಒಂದೊಂದೇ ಕಾಲುವೆಯ ಹೆಸರು ಕೂಗುತ್ತಾನೆ, ಅದರ ಮೇಲೆ ದೂರು ಇದೆಯೇ ಎಂದು ಕೇಳುತ್ತಾನೆ.

ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ನೀರು ತಿರುಗಿಸಿಕೊಂಡರು, ತಮ್ಮ ಪಾಲಿನ ಕಾಲುವೆ ಹೂಳು ತೆಗೆಯಲಿಲ್ಲ, ಪಕ್ಕದವರ ಗದ್ದೆಗೆ ನೀರು ನುಗ್ಗಿಸಿದರು, ಇಂಥವೇ ದೂರುಗಳು. ಎಲ್ಲವೂ ಬಾಯಿಮಾತಿನಲ್ಲಿ, ವಲೆನ್ಸಿಯನ್ ಭಾಷೆಯಲ್ಲಿ. ತೀರ್ಪು ಅಲ್ಲೇ, ಮೇಲ್ಮನವಿ ಇಲ್ಲ. ಆರೋಪಕ್ಕೆ ಸಿಕ್ಕವರು ಹೊಳೆಯ ಒಂದು ದಂಡೆಯವರಾದರೆ ತೀರ್ಪು ಸೂಚಿಸುವವರು ಇನ್ನೊಂದು ದಂಡೆಯವರು. ಕಾಲುವೆ ನೀರಿಗೆ ಜಗಳವಾಡುವ ಸೀಮೆಯಿಂದ ಬಂದ ಯಾರಿಗೇ ಆದರೂ ಈ ಒಂದು ನಿಯಮ ಕೇಳಿದರೆ ಇದರ ಹಿಂದಿನ ಜಾಣ್ಮೆ ತಟ್ಟುತ್ತದೆ. ಯುನೆಸ್ಕೊ 2009ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಹಳ ವಾರ ದೂರುಗಳೇ ಇರುವುದಿಲ್ಲ, ಐದೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ನಿರಾಶೆ ಬೇಡ. ದೂರಿಲ್ಲ ಅಂದರೆ ನೀರು ನೆಟ್ಟಗೆ ಹಂಚಿಕೆಯಾಗಿದೆ ಎಂದೇ ಅರ್ಥ. ಫುಟ್‌ಬಾಲ್ ಪ್ರಿಯರಿಗೆ ಒಂದು ಮಾತು: ವಲೆನ್ಸಿಯಾ ಕ್ಲಬ್ಬಿನ ಮೆಸ್ತಾಯಾ ಮೈದಾನಕ್ಕೆ ಹೆಸರು ಬಂದದ್ದು ಈ ಎಂಟರಲ್ಲಿ ಒಂದಾದ ಮೆಸ್ತಾಯಾ ಕಾಲುವೆಯಿಂದ.

ಹಳೇ ಊರಿನಲ್ಲಿ ಯಾವುದನ್ನು ಬಿಡಲೇಬಾರದು?

ರೇಷ್ಮೆ ವಿನಿಮಯ ಕೇಂದ್ರ, ಲಾ ಲೊಂಹಾ. 1482ರಲ್ಲಿ ಕೆಲಸ ಶುರುವಾದ ಈ ವ್ಯಾಪಾರಿ ಮಂದಿರ 1996ರಿಂದ ವಿಶ್ವ ಪರಂಪರೆಯ ತಾಣ. ಒಳಗಿನ ದೊಡ್ಡ ಸಭಾಂಗಣದಲ್ಲಿ ಹಗ್ಗ ಹೊಸೆದ ಹಾಗೆ ತಿರುಚಿ ಮೇಲೇರುವ ಕಲ್ಲಿನ ಕಂಬಗಳು ಚಾವಣಿಯಲ್ಲಿ ತಾಳೆಗರಿಯಂತೆ ಹರಡಿಕೊಳ್ಳುತ್ತವೆ. ತಲೆಯೆತ್ತಿ ಗೋಡೆ ನೋಡಿ. ಸುತ್ತಲೂ ಲ್ಯಾಟಿನ್‌ನಲ್ಲಿ ಬಂಗಾರದ ಅಕ್ಷರಗಳ ಪಟ್ಟಿ ಓಡುತ್ತದೆ. ಮಾತಿಗೆ ತಪ್ಪದ, ನೆರೆಯವನಿಗೆ ಮೋಸ ಮಾಡದ, ಬಡ್ಡಿಗೆ ಸಾಲ ಕೊಡದ ವ್ಯಾಪಾರಿ ಸಿರಿವಂತನೂ ಆಗುತ್ತಾನೆ, ಕೊನೆಗೆ ಸ್ವರ್ಗವೂ ಸಿಗುತ್ತದೆ ಎಂಬುದು ಅದರ ಸಾರ. ಭಾನುವಾರ ಪ್ರವೇಶ ಉಚಿತ.

ರಸ್ತೆ ದಾಟಿದರೆ 1928ರಲ್ಲಿ ತೆರೆದ ಸೆಂಟ್ರಲ್ ಮಾರುಕಟ್ಟೆ. ಇದು ಪ್ರವಾಸಿಗರಿಗೆಂದು ಸಿಂಗರಿಸಿದ ಜಾಗ ಅಲ್ಲ, ಊರಿನವರು ದಿನವೂ ತರಕಾರಿ ಕೊಳ್ಳುವ ಸಂತೆ. ಭಾನುವಾರ ರಜೆ, ಉಳಿದ ದಿನ ಮಧ್ಯಾಹ್ನ ಮೂರಕ್ಕೆ ಬಾಗಿಲು. ಹತ್ತು ಗಂಟೆಯೊಳಗೆ ಹೋಗಿ. ಕಿತ್ತಳೆ, ಕೇಸರಿ, ಅಕ್ಕಿ, ಬಾದಾಮಿ ಇಲ್ಲೇ ಕೊಳ್ಳಿ. ಹಣ್ಣನ್ನು ನೀವೇ ಮುಟ್ಟಿ ಆರಿಸಬೇಡಿ, ಅಂಗಡಿಯವರನ್ನು ಕೇಳಿ. ಅದು ಅಲ್ಲಿನ ಮರ್ಯಾದೆ.

ಕ್ಯಾಥೆಡ್ರಲ್‌ನ ಮಿಗೆಲೆಟೆ ಗಂಟೆಗೋಪುರಕ್ಕೆ 207 ಮೆಟ್ಟಿಲು, ಕಿರಿದಾದ ಸುರುಳಿ. ಮಂಡಿನೋವಿನವರು ಹತ್ತಬೇಡಿ. ಬದಲಿಗೆ ಸಾನ್ ನಿಕೊಲಾಸ್ ಚರ್ಚಿಗೆ ಹೋಗಿ ಚಾವಣಿಯ ಚಿತ್ರಗಳನ್ನು ಕೂತು ನೋಡಿ.

ನಿಜವಾದ ಪಾಎಯಾ ಎಲ್ಲಿ ಸಿಗುತ್ತದೆ?

ಎಲ್ಲಿ ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಬಾಣಲೆಯಲ್ಲಿ ಬೇಯಿಸುವ ಈ ಅನ್ನ ಅಲ್ಲಿನವರಿಗೆ ಮಧ್ಯಾಹ್ನದ ಊಟ. ರಾತ್ರಿ ಹೊತ್ತು ಚಿತ್ರಪಟ ಹಿಡಿದು ಬೀದಿಯಲ್ಲಿ ಕರೆಯುವ ಹೋಟೆಲಿನಲ್ಲಿ ಸಿಗುವುದು ಬಹುತೇಕ ಬಿಸಿ ಮಾಡಿದ ಅನ್ನ. ಒಳ್ಳೆಯ ಕಡೆ ಮೊದಲೇ ಫೋನ್ ಮಾಡಿ ಹೇಳಬೇಕು, ಕನಿಷ್ಠ ಇಬ್ಬರಿಗೆ ಮಾಡುತ್ತಾರೆ, ಅಕ್ಕಿ ಬೇಯುವವರೆಗೆ ಕಾಯಬೇಕು.

ವಲೆನ್ಸಿಯಾದ ಮೂಲ ಪಾಎಯಾದಲ್ಲಿ ಮೀನು, ಸೀಗಡಿ ಇರುವುದಿಲ್ಲ. ಕೋಳಿ, ಮೊಲದ ಮಾಂಸ, ಚಪ್ಪಟೆ ಹುರುಳಿಕಾಯಿ, ಟೊಮೆಟೊ, ಕೇಸರಿ, ಆಲಿವ್ ಎಣ್ಣೆ, ಜೊತೆಗೆ ಗರೊಫೊ ಎಂಬ ದೊಡ್ಡ ಬಿಳಿ ಕಾಳು. ಅದು ನಮ್ಮ ಮಾರುಕಟ್ಟೆಯಲ್ಲಿ ಡಬಲ್ ಬೀನ್ಸ್ ಎಂದು ಮಾರುವ ಕಾಳಿನ ಜಾತಿಯೇ. ಅಗಲವಾದ, ಆಳವಿಲ್ಲದ ಬಾಣಲೆಯಲ್ಲಿ ಅಕ್ಕಿಯನ್ನು ಒಂದು ಬೆರಳು ದಪ್ಪಕ್ಕೂ ಮೀರದಂತೆ ಹರಡುತ್ತಾರೆ. ನೀರು ಹಾಕಿ ಅಕ್ಕಿ ಬಿದ್ದ ಮೇಲೆ ಕೈಯಾಡಿಸುವ ಹಾಗಿಲ್ಲ. ಕಿತ್ತಳೆ ಕಟ್ಟಿಗೆಯ ಉರಿಯಲ್ಲಿ ನೀರು ಇಂಗುತ್ತಾ ಬಂದಂತೆ ಸದ್ದು ಬದಲಾಗುತ್ತದೆ: ಮೊದಲು ಕುದಿಯುವ ಸದ್ದು, ಕೊನೆಗೆ ಚಟಪಟ. ಆ ಚಟಪಟ ಕೇಳಿದ ಮೇಲೆ ತಳದಲ್ಲಿ ಕೆಂಪಗೆ ಗರಿಗರಿ ಪದರ ಹಿಡಿಯುತ್ತದೆ. ಅದಕ್ಕೆ ಸೊಕಾರಾತ್ ಅನ್ನುತ್ತಾರೆ. ಮನೆಮಂದಿಯೆಲ್ಲ ಬಾಣಲೆಯ ಸುತ್ತ ಕೂತು, ಮರದ ಚಮಚದಲ್ಲಿ ಅವರವರ ಎದುರಿನ ಪಾಲನ್ನು ಅಂಚಿನಿಂದ ನಡುವಿಗೆ ತಿನ್ನುತ್ತಾ ಹೋಗುತ್ತಾರೆ, ತಳ ಕೆರೆಯಲು ಪೈಪೋಟಿ ನಡೆಸುತ್ತಾರೆ. ಅನ್ನ ಉಂಡು ಬೆಳೆದವರು ಈ ಊಟವನ್ನು ಅವಸರದಲ್ಲಿ ಮುಗಿಸಬಾರದು.

ನಾವು ಶುದ್ಧ ಸಸ್ಯಾಹಾರಿಗಳು. ಹೊಟ್ಟೆಗೇನು ಗತಿ?

ಉಪವಾಸ ಬೀಳುವುದಿಲ್ಲ, ಆದರೆ ಬಾಯಿಬಿಟ್ಟು ಕೇಳಬೇಕು. ‘ಸೋಯ್ ವೆಹೆತಾರಿಯಾನೊ’, ಹೆಂಗಸರಾದರೆ ‘ವೆಹೆತಾರಿಯಾನಾ’, ಅಂದಷ್ಟಕ್ಕೇ ಬಿಡಬೇಡಿ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ’ ಅನ್ನಿ, ಅಂದರೆ ಮಾಂಸ, ಹಂದಿಮಾಂಸದ ಚೂರು, ಮೀನು ಯಾವುದೂ ಬೇಡ. ಹಸಿರು ಸಲಾಡ್ ಮೇಲೆ ಟ್ಯೂನಾ ಮೀನು ಉದುರಿಸುವುದು ಅಲ್ಲಿ ಮಾಮೂಲು. ತರಕಾರಿ ಪಾಎಯಾ ಬಹಳ ಕಡೆ ಇದೆ, ಆದರೆ ಅದು ಕೋಳಿ ಸಾರಿನಲ್ಲಿ ಬೆಂದಿರಬಹುದು. ‘ಕಾಲ್ದೊ ದೆ ವೆರ್ದುರಾಸ್’, ಅಂದರೆ ತರಕಾರಿ ಸಾರಿನಲ್ಲೇ ಮಾಡಿದ್ದೇ ಎಂದು ಖಚಿತಪಡಿಸಿಕೊಳ್ಳಿ.

ಟೊಮೆಟೊ ಸವರಿದ ಬ್ರೆಡ್, ಹುರಿದ ಪದ್ರೋನ್ ಮೆಣಸಿನಕಾಯಿ, ಖಾರದ ಸಾಸ್ ಹಾಕಿದ ಆಲೂಗಡ್ಡೆ ಎಲ್ಲ ಕಡೆ ಸಿಗುತ್ತವೆ. ಮೊಟ್ಟೆ ತಿನ್ನುವವರಿಗೆ ತೊರ್ತಿಯಾ, ಅಂದರೆ ಆಲೂಗಡ್ಡೆಯ ದಪ್ಪ ಆಮ್ಲೆಟ್ ಇದೆ. ಹಿರಿಯರು ಜೊತೆಗಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಅಲ್ಲಿನ ಗುಂಡುಕಾಳಿನ ಅಕ್ಕಿಯಲ್ಲಿ ಮೊಸರನ್ನ ಬಹಳ ಚೆನ್ನಾಗಿ ಬರುತ್ತದೆ.

ಓರ್ಚಾತಾ ಅಂದರೆ ಏನು? ಕುಡಿಯಬಹುದೇ?

ಧಾರಾಳವಾಗಿ. ಹಾಲಿನಂತೆ ಕಂಡರೂ ಹಾಲಿಲ್ಲ, ಮದ್ಯವೂ ಇಲ್ಲ. ಚೂಫಾ ಎಂಬ ಪುಟ್ಟ ಗಡ್ಡೆಯನ್ನು ನೆನೆಹಾಕಿ, ರುಬ್ಬಿ, ಹಿಂಡಿ, ಸಕ್ಕರೆ ಬೆರೆಸಿ ತಣ್ಣಗೆ ಕೊಡುತ್ತಾರೆ. ನಮ್ಮ ಹೊಲಗಳಲ್ಲಿ ಕಳೆಯಾಗಿ ಕಾಡುವ ಕೊನ್ನಾರಿ ಗಡ್ಡೆಯ ಹತ್ತಿರದ ನೆಂಟ ಈ ಚೂಫಾ. ಊರ ಉತ್ತರಕ್ಕೆ ಅಂಟಿಕೊಂಡ ಅಲ್ಬೊರಾಯಾ ಇದರ ತವರು. ಮೆಟ್ರೋ 3ನೇ ಮಾರ್ಗದಲ್ಲಿ ಅಲ್ಲಿ ಇಳಿದು ಗದ್ದೆಗಳ ನಡುವೆ ಅಡ್ಡಾಡಿ, ಅಲ್ಲೇ ಕುಡಿಯಿರಿ. ಬಾಟಲಿಯಲ್ಲಿ ಬರುವುದಕ್ಕೂ ಆಗತಾನೇ ಮಾಡಿದ್ದಕ್ಕೂ ಅಜಗಜಾಂತರ. ಜೊತೆಗೆ ಅದ್ದಿ ತಿನ್ನಲು ಫಾರ್ತೋನ್ಸ್ ಎಂಬ ಉದ್ದನೆ ಮೆತ್ತನೆ ಬನ್ ಕೊಡುತ್ತಾರೆ. ಅದರಲ್ಲಿ ಮೊಟ್ಟೆ ಇರುತ್ತದೆ.

‘ಆಗ್ವಾ ದೆ ವಲೆನ್ಸಿಯಾ’ ಅಂದರೆ ನೀರೇ ತಾನೇ?

ಅಲ್ಲ! ಕಿತ್ತಳೆ ರಸಕ್ಕೆ ಕಾವಾ ವೈನ್, ಜಿನ್, ವೋಡ್ಕಾ ಬೆರೆಸಿದ ಪಾನೀಯ. ಕಿತ್ತಳೆ ಜ್ಯೂಸ್ ಅಂದುಕೊಂಡು ಮಕ್ಕಳಿಗೆ ಕೊಡಿಸಬೇಡಿ.

ಅಲ್ಬುಫೇರಾಕ್ಕೆ ಹೋಗಲೇಬೇಕೇ?

ಹೋಗಲೇಬೇಕು. ನೀವು ತಿಂದ ಅನ್ನ ಬೆಳೆದದ್ದು ಅಲ್ಲಿ. ಊರಿನ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಈ ಸರೋವರ ಆಳವಿಲ್ಲದ್ದು. ಸಮುದ್ರಕ್ಕೂ ಅದಕ್ಕೂ ನಡುವೆ ಮರಳುದಿಬ್ಬ, ಪೈನ್ ಮರಗಳ ಒಂದು ಪಟ್ಟಿ ಮಾತ್ರ. ಸುತ್ತಲೂ ಕಣ್ಣು ಹಾಯುವಷ್ಟು ಭತ್ತ. ಮೇ ತಿಂಗಳಲ್ಲಿ ಗದ್ದೆಗೆ ನೀರು ಬಿಟ್ಟು ಬಿತ್ತುತ್ತಾರೆ, ಬೇಸಿಗೆಯಿಡೀ ಹಸಿರು, ಸೆಪ್ಟೆಂಬರ್‌ನಲ್ಲಿ ಕೊಯ್ಲು. ಚಳಿಗಾಲಕ್ಕೆ ಗದ್ದೆಗಳನ್ನು ಮತ್ತೆ ಮುಳುಗಿಸುತ್ತಾರೆ, ಆಗ ಹಕ್ಕಿಗಳು ಬರುತ್ತವೆ. ಯಾವ ತಿಂಗಳಿಗೆ ಹೋಗುತ್ತೀರಿ ಅನ್ನುವುದರ ಮೇಲೆ ನೋಟವೇ ಬದಲು.

ಎಲ್ ಪಾಲ್ಮಾರ್ ಎಂಬ ಹಳ್ಳಿಗೆ ನಗರದ ಬಸ್ಸಿದೆ. ಅಲ್ಲಿ ದೋಣಿಗಳು ಸಿಗುತ್ತವೆ. ಸಂಜೆ ದೋಣಿ ಹಿಡಿದು ಸೂರ್ಯಾಸ್ತ ನೋಡಿ, ಆದರೆ ವಾಪಸು ಬರುವ ಕೊನೇ ಬಸ್ಸಿನ ವೇಳೆಯನ್ನು ಇಳಿದ ತಕ್ಷಣ ಕೇಳಿಟ್ಟುಕೊಳ್ಳಿ. ದಾರಿಯಲ್ಲಿ ಹುಲ್ಲುಚಾವಣಿಯ ಬರಾಕಾ ಮನೆಗಳು ಕಂಡರೆ ಗಮನಿಸಿ. ಅವು ರೈತರು, ಬೆಸ್ತರು ವಾಸವಿದ್ದ ಹಳೇ ಮಾದರಿಯವು.

ಸಮುದ್ರಕ್ಕೆ ಎಲ್ಲಿ ಹೋಗುವುದು?

ಟ್ರಾಮ್ ಹತ್ತಿದರೆ ಮಾಲ್ವಾರೋಸಾ, ಕಬಾನ್ಯಾಲ್ ಕಡಲದಂಡೆ. ಅಗಲವಾದ ಮರಳು, ನೀರು ನಿಧಾನಕ್ಕೆ ಆಳವಾಗುತ್ತದೆ, ಮಕ್ಕಳಿಗೆ ಅನುಕೂಲ. ಶಾಂತಿ ಬೇಕಿದ್ದರೆ ದಕ್ಷಿಣದ ಎಲ್ ಸಾಲೆರ್, ಅಲ್ಲಿ ಹೋಟೆಲುಗಳ ಸಾಲಿಲ್ಲ. ಹಸಿರು ಬಾವುಟ ಇದ್ದರೆ ಇಳಿಯಬಹುದು, ಹಳದಿಗೆ ಎಚ್ಚರ, ಕೆಂಪಿಗೆ ಕಾಲಿಡಬೇಡಿ.

ದಂಡೆಗೆ ಹೋದವರು ಕಬಾನ್ಯಾಲ್ ಬೀದಿಗಳನ್ನೂ ಸುತ್ತಿ. ಬೆಸ್ತರ ಹಳೇ ಮನೆಗಳ ಮುಂಗೋಡೆಗೆ ಬಣ್ಣಬಣ್ಣದ ಟೈಲ್ಸ್. ಒಂದು ಅಗಲ ರಸ್ತೆಯನ್ನು ಸಮುದ್ರದವರೆಗೆ ಒಯ್ಯಲು ಈ ಮನೆಗಳನ್ನು ಕೆಡವುವ ಯೋಜನೆಯಿತ್ತು. ನಿವಾಸಿಗಳು ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡರು. ಈ ದಂಡೆಯ ಬೆಳಕನ್ನು ಚಿತ್ರಕಲೆಗೆ ತಂದವರು ಇದೇ ಊರಿನಲ್ಲಿ 1863ರಲ್ಲಿ ಹುಟ್ಟಿದ ಹೊಆಕಿನ್ ಸೊರೊಯಾ. ಅವರ ಚಿತ್ರಗಳು ತುರಿಯಾ ಉದ್ಯಾನದ ಪಕ್ಕದ ಲಲಿತಕಲಾ ಸಂಗ್ರಹಾಲಯದಲ್ಲಿವೆ, ಪ್ರವೇಶ ಉಚಿತ.

ಫಾಲ್ಯಾಸ್ ಹಬ್ಬಕ್ಕೆ ಹೋಗಬಹುದೇ?

ಸದ್ದು, ಹೊಗೆ, ಜನಜಂಗುಳಿ ತಡೆಯುವ ಶಕ್ತಿ ಇದ್ದರೆ ಅವಶ್ಯ ಹೋಗಿ. ಮಾರ್ಚ್ 1ರಿಂದ 19ರವರೆಗೆ ದಿನವೂ ಮಧ್ಯಾಹ್ನ ಎರಡಕ್ಕೆ ನಗರಸಭೆಯ ಚೌಕದಲ್ಲಿ ಪಟಾಕಿ ಸಿಡಿತ. ಬಣ್ಣದ ಚಮತ್ಕಾರವಲ್ಲ, ತಾಳಬದ್ಧ ಗುಡುಗು. ನೆಲ, ಎದೆಗೂಡು ಎರಡೂ ನಡುಗುತ್ತವೆ. ಬಡಾವಣೆಗೊಂದರಂತೆ ವರ್ಷವಿಡೀ ಮಾಡಿದ ಬೃಹತ್ ಬೊಂಬೆಗಳನ್ನು ಬೀದಿಬೀದಿಯಲ್ಲಿ ನಿಲ್ಲಿಸುತ್ತಾರೆ. ಜನ ಮತ ಹಾಕಿ ಆರಿಸಿದ ಬೊಂಬೆಯನ್ನು ಉಳಿಸಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಉಳಿದದ್ದೆಲ್ಲ 19ರ ರಾತ್ರಿ ಬೆಂಕಿಗೆ. 17, 18ರಂದು ಸಾಂಪ್ರದಾಯಿಕ ಉಡುಗೆಯ ಹೆಂಗಸರು, ಮಕ್ಕಳು ಹೂಗುಚ್ಛ ಹಿಡಿದು ಮೆರವಣಿಗೆಯಲ್ಲಿ ಬಂದು ಮೇರಿಮಾತೆಗೆ ಅರ್ಪಿಸುತ್ತಾರೆ. ಎಷ್ಟೋ ಜನ ಅಳುತ್ತಲೇ ಬರುತ್ತಾರೆ. ನನಗೆ ಬೆಂಕಿಗಿಂತ ಈ ಎರಡು ದಿನಗಳೇ ಹೆಚ್ಚು ಹಿಡಿಸುತ್ತವೆ. ಹಸುಗೂಸು, ಹೃದಯದ ತೊಂದರೆಯವರನ್ನು ಆ ಹೊತ್ತಿನಲ್ಲಿ ಕರೆದೊಯ್ಯಬೇಡಿ. ಕೋಣೆ ತಿಂಗಳುಗಟ್ಟಲೆ ಮುಂಚೆ ಕಾದಿರಿಸಿ.

2024ರ ಪ್ರವಾಹದ ನಂತರ ಹೋಗುವುದು ಸುರಕ್ಷಿತವೇ?

ಹೌದು. 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ವಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ಪೈಪೋರ್ತಾ, ಕತರೋಹಾ ಮೊದಲಾದ ದಕ್ಷಿಣದ ಊರುಗಳಿಗೆ ಬಿದ್ದ ಪೆಟ್ಟು ಭೀಕರ. 1957ರ ನಂತರ ತೋಡಿದ ಹೊಸ ನದೀಪಾತ್ರದಿಂದಾಗಿ ನಗರದ ಹಳೇ ಭಾಗಕ್ಕೆ ನೀರು ನುಗ್ಗಲಿಲ್ಲ. ಅಲ್ಲಿನವರ ಜೊತೆ ಈ ವಿಷಯ ಮಾತಾಡುವಾಗ ಮೆತ್ತಗೆ ಮಾತಾಡಿ. ಯಾರ ಮನೆಯಲ್ಲಿ ಏನಾಗಿದೆಯೋ ಗೊತ್ತಿರುವುದಿಲ್ಲ.

ಶರತ್ಕಾಲದಲ್ಲಿ ಹೋಗುವವರು ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆ ಬಂದರೆ ಪ್ರವಾಸ ನಿಲ್ಲಿಸಿ ಒಳಗಿರಿ. ನೆಲಮಾಳಿಗೆಯ ಪಾರ್ಕಿಂಗ್‌ಗೆ ಕಾರು ತರಲು ಇಳಿಯಬೇಡಿ. ಎಲ್ಲ ತುರ್ತಿಗೂ 112. ಉಳಿದಂತೆ ಊರು ನಿರಾಳ. ಹಬ್ಬದ ಗುಂಪಿನಲ್ಲಿ, ಮಾರುಕಟ್ಟೆಯಲ್ಲಿ ಜೇಬುಗಳ್ಳರ ಬಗ್ಗೆ ನಿಗಾ ಇರಲಿ.

ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ?

ಊರು ಸಮತಟ್ಟು, ನಡೆಯುವುದು ಸುಲಭ. ಮಕ್ಕಳನ್ನು ತುರಿಯಾ ಉದ್ಯಾನದಲ್ಲಿ ಮಲಗಿರುವ ಗಲಿವರ್‌ನ ದೈತ್ಯ ಪ್ರತಿಮೆಯ ಮೈಮೇಲೆ ಬಿಟ್ಟುಬಿಡಿ. ಅವನ ಕೂದಲು, ಕೈ, ಬಟ್ಟೆಯ ಮಡಿಕೆಗಳೇ ಜಾರುಬಂಡೆಗಳು. ಕಾಸು ಖರ್ಚಿಲ್ಲ. ಬೇಸಿಗೆಯ ಮಧ್ಯಾಹ್ನ ಎರಡರಿಂದ ಐದರವರೆಗೆ ಹಿರಿಯರನ್ನು ಬಿಸಿಲಿಗೆ ಇಳಿಸಬೇಡಿ. ಸಣ್ಣ ಅಂಗಡಿಗಳೂ ಆಗ ಮುಚ್ಚಿರುತ್ತವೆ. ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದು ಒಂಬತ್ತಕ್ಕೆ. ಏಳು ಗಂಟೆಗೆ ಊಟ ಹುಡುಕಿದರೆ ಅಡುಗೆಮನೆಯೇ ತೆರೆದಿರುವುದಿಲ್ಲ. ಮಾತ್ರೆ ತಗೊಳ್ಳುವವರು ಚೀಲದಲ್ಲಿ ತಿಂಡಿ ಇಟ್ಟುಕೊಳ್ಳಲಿ.

ಹತ್ತಿರದಲ್ಲಿ ಬೇರೇನಿದೆ?

ಉತ್ತರಕ್ಕೆ ಸಗುಂಟೊ, ರೋಮನ್ ರಂಗಮಂದಿರ ಮತ್ತು ಕೋಟೆ. ದಕ್ಷಿಣಕ್ಕೆ ಶಾತಿವಾ ಪಟ್ಟಣ, ಬೆಟ್ಟದ ಮೇಲಿನ ಕೋಟೆ. ಎರಡಕ್ಕೂ ಲೋಕಲ್ ರೈಲು ಇದೆ. ಒಂದನ್ನೇ ಆರಿಸುವುದಾದರೆ ಶಾತಿವಾ. ಆಗಸ್ಟ್ ಕೊನೆಯ ಬುಧವಾರ ಬುನ್ಯೋಲ್‌ನಲ್ಲಿ ಟೊಮೆಟೊ ಎರಚಾಟ ಇರುತ್ತದೆ, 2013ರಿಂದ ಅದಕ್ಕೆ ಟಿಕೆಟ್ ಬೇಕು. ಕನ್ನಡಕ ತೊಡುವವರು ಈಜುಗನ್ನಡಕ ಒಯ್ಯಿರಿ, ಬಿಸಾಡಲು ಅಡ್ಡಿಯಿಲ್ಲದ ಬಟ್ಟೆ ಹಾಕಿಕೊಳ್ಳಿ.